ಪರರ ಪಾದಗಳಿಂದ ಯಾತ್ರೆಯಾದೀತೆ?

ಒಬ್ಬರು ಸಂಕಲ್ಪಿಸಿದ ವ್ರತವನ್ನು ಮತ್ತೊಬ್ಬರು ಪೂರೈಸಿದರೆ ಅದು ಯಾರದಾಗುತ್ತದೆ? ಈ ಪ್ರಶ್ನೆ ನಮ್ಮ ಮನೆಗಳಲ್ಲಿ ಅಪರೂಪವಲ್ಲ. 14 ವರ್ಷಗಳ ಅನಂತನ ನೋಂಪಿಯನ್ನು ಹಿಡಿದ ತಾಯಿ 11 ವರ್ಷ ನಡೆಸಿ ಹಾಸಿಗೆ ಹಿಡಿದರೆ, ಉಳಿದ ಮೂರು ವರ್ಷಗಳನ್ನು ಸೊಸೆಯು ಅತ್ತೆಯವರ ಹೆಸರಿನಲ್ಲಿ ಆಚರಿಸಿ ಉದ್ಯಾಪನೆ ಮಾಡಬಹುದೇ ಎಂದು ಕೇಳುವವರುಂಟು. ಜೀವವು ತಾನು ಮಾಡಿದ್ದನ್ನು ತಾನೇ ಉಣ್ಣುತ್ತದೆ ಎಂದು ಉತ್ತರ ಹೇಳುವುದು ಸುಲಭ. ಆದರೆ ಕೇಳುವವರ ದನಿಯಲ್ಲಿನ ಕಳವಳವನ್ನು ಬಲ್ಲವರಿಗೆ, ಅಷ್ಟನ್ನೇ ಹೇಳಿ ಅವರನ್ನು ಬಾಗಿಲಿನಿಂದ ಕಳುಹಿಸುವುದು ಸುಲಭವಲ್ಲ.

ಇದೇ ಪ್ರಶ್ನೆಯನ್ನು ಯುರೋಪಿನ ಕ್ರೈಸ್ತರು ಸಾವಿರ ವರ್ಷಗಳಿಂದ ಒಂದು ದಾರಿಯ ಮೇಲೆ, ಕಾಲುಗಳಿಂದಲೇ, ಪರೀಕ್ಷಿಸುತ್ತ ಬಂದಿದ್ದಾರೆ. ಅವರ ತತ್ತ್ವ ಬೇರೆ, ನಮ್ಮದು ಬೇರೆ. ಆದರೂ ಆ ದಾರಿಯ ಚರಿತ್ರೆಯನ್ನು ಓದುತ್ತ ಹೋದಂತೆ ನಮ್ಮ ಪ್ರಶ್ನೆಯ ಹಲವು ಮುಖಗಳು ಅಲ್ಲಿ ತೆರೆದುಕೊಳ್ಳುವುದರಿಂದ, ಅದನ್ನು ವಾಚಕರ ಮುಂದಿಡಲು ಇಚ್ಛಿಸಿದ್ದೇನೆ.

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಗಲೀಸಿಯಾ ಎಂಬ ಮಳೆನಾಡಿದೆ. ಅಲ್ಲಿಯ ಸಾಂತಿಯಾಗೊ ದೆ ಕಾಂಪೊಸ್ತೆಲಾ ನಗರದಲ್ಲಿ ಏಸುಕ್ರಿಸ್ತನ ಹನ್ನೆರಡು ಮಂದಿ ಶಿಷ್ಯರಲ್ಲೊಬ್ಬನಾದ ಯಾಕೋಬನ ಸಮಾಧಿಯಿದೆಯೆಂಬುದು ಕ್ಯಾಥೊಲಿಕರ ಶ್ರದ್ಧೆ. ಆತನಿಗೆ ಸ್ಪೇನಿನವರ ಹೆಸರೇ ಸಾಂತಿಯಾಗೊ. 9ನೆಯ ಶತಮಾನದ ಪೂರ್ವಭಾಗದಲ್ಲಿ ಪೆಲಾಯೊ ಎಂಬ ಏಕಾಂತವಾಸಿಯು ಕಾಡಿನ ಮೇಲೆ ಬೆಳಕನ್ನು ಕಂಡು ಬಿಷಪ್ ತೆಯೊದೊಮಿರೊನಿಗೆ ತಿಳಿಸಿದನೆಂದೂ, ಅಸ್ತೂರಿಯಾಸಿನ ದೊರೆ 2ನೆಯ ಅಲ್ಫೋನ್ಸೊ ತಾನೇ ಬಂದು ದರ್ಶನ ಮಾಡಿ ಮೊದಲನೆಯ ಯಾತ್ರಿಕನಾದನೆಂದೂ ಐತಿಹ್ಯ ಹೇಳುತ್ತದೆ. ಈಗ ಅಲ್ಲಿರುವ ಪ್ರಧಾನ ಚರ್ಚಿನ ಕಟ್ಟಡವು 1075ರಲ್ಲಿ ಆರಂಭವಾಯಿತು. 12ನೆಯ ಶತಮಾನದಲ್ಲಿ ಸಿದ್ಧವಾದ ಕೋದೆಕ್ಸ್ ಕಾಲಿಕ್ಸ್ತೀನುಸ್ ಎಂಬ ಲ್ಯಾಟಿನ್ ಗ್ರಂಥದ ಐದನೆಯ ಭಾಗವು ಯಾತ್ರಿಕರಿಗೆ ಕೈಪಿಡಿಯಂತಿದ್ದು, ಯಾವ ಹೊಳೆಯ ನೀರು ಕುಡಿಯಲು ಯೋಗ್ಯ, ಯಾವುದು ಮಾರಕ ಎಂಬುದನ್ನೂ ಬಿಡದೆ ಹೇಳುತ್ತದೆ. ನೀರನ್ನು ಸೋಸದೆ ಮುಟ್ಟದ ನಮ್ಮವರು ಆ ಪುಟಗಳನ್ನು ಆಸಕ್ತಿಯಿಂದಲೇ ಓದಿಯಾರು.

ಅಲ್ಲಿಗೆ ಹೋಗುವ ದಾರಿಗಳು ಅನೇಕ. ಹೆಚ್ಚು ಪ್ರಸಿದ್ಧವಾದುದು ಫ್ರೆಂಚ್ ದಾರಿ. ಪಿರನೀಸ್ ಪರ್ವತದ ಫ್ರಾನ್ಸ್ ಬದಿಯಲ್ಲಿರುವ ಸೇಂಟ್ ಜಾನ್ ಪ್ಯೆ ದ ಪೋರ್ ಎಂಬ ಊರಿನಿಂದ ಹೊರಟು, ಘಟ್ಟ ಹತ್ತಿ ರೊನ್ಸೆಸ್ವಾಯೆಸ್ ಮಠಕ್ಕೆ ಇಳಿದು, ಪಾಂಪ್ಲೋನಾ, ಬುರ್ಗೋಸ್, ಲೆಯೋನ್ ಪಟ್ಟಣಗಳನ್ನು ಹಾದು ಸುಮಾರು 780 ಕಿಲೋಮೀಟರ್ ನಡೆದರೆ ಕಾಂಪೊಸ್ತೆಲಾ. ದಿನಕ್ಕೆ 20 ರಿಂದ 25 ಕಿಲೋಮೀಟರಿನಂತೆ ಒಂದು ತಿಂಗಳಿಗೂ ಮೀರಿದ ನಡಿಗೆ. ಬುರ್ಗೋಸಿನಿಂದಾಚೆಗೆ ಮರವಿಲ್ಲದ, ನೆರಳಿಲ್ಲದ ಗೋಧಿಯ ಬಯಲು. ಅದನ್ನು ದಾಟಿದರೆ ಮತ್ತೆ ಬೆಟ್ಟ. ಯಾತ್ರಿಕನು ಬೆನ್ನಿನ ಚೀಲದಲ್ಲಿ ಒಂದೆರಡು ಜೊತೆ ಬಟ್ಟೆ, ಹೊದಿಕೆ, ನೀರು ಇಷ್ಟನ್ನೇ ಹೊತ್ತು ಬೆಳಗಿನ ಕತ್ತಲೆಯಲ್ಲೇ ಎದ್ದು ಹೊರಡುತ್ತಾನೆ. ರಾತ್ರಿ ಯಾತ್ರಿಕರ ಛತ್ರಗಳಲ್ಲಿ, ಅಪರಿಚಿತರ ಸಾಲಿನಲ್ಲಿ ಮಲಗುತ್ತಾನೆ. ಕೆಲವು ಛತ್ರಗಳಲ್ಲಿ ಇಂದಿಗೂ ದರವಿಲ್ಲ. ಹುಂಡಿಯಲ್ಲಿ ಶಕ್ತಿಯಿದ್ದಷ್ಟು ಹಾಕಿ ಹೋಗಬೇಕು. ಯಾತ್ರಿಕನ ಗುರುತು ಸಮುದ್ರದ ಒಂದು ಚಿಪ್ಪು. ಅದು ಒಂದು ಜೀವಿಯ ಕವಚವೆಂಬುದು ನಮ್ಮ ಕಣ್ಣಿಗೆ ಮೊದಲು ಬೀಳುತ್ತದೆ; ಅವರಿಗೆ ಅದು ಪಶ್ಚಿಮ ಸಮುದ್ರದವರೆಗೆ ಹೋಗಿ ಬಂದುದಕ್ಕೆ ಸಾಕ್ಷಿ.

ಇಲ್ಲಿ ನಮ್ಮವರಿಗೆ ಮೊದಲೇ ಒಂದು ಆಕ್ಷೇಪಣೆ ಹೊಳೆಯಬೇಕು. ನಮ್ಮ ಗೃಹಸ್ಥನ ದಿಗ್ವ್ರತವು ಹೆಜ್ಜೆಯನ್ನು ಮಿತಿಗೊಳಿಸುತ್ತದೆ: ಈ ದಿಕ್ಕಿನಲ್ಲಿ ಈ ನದಿಯವರೆಗೆ, ಆ ದಿಕ್ಕಿನಲ್ಲಿ ಆ ಬೆಟ್ಟದವರೆಗೆ, ಅದರಾಚೆ ಇಲ್ಲ. ಅವರ ಯಾತ್ರಾವ್ರತವಾದರೋ ಹೆಜ್ಜೆಯನ್ನು ವಿಧಿಸುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ತಿರುಗುವುದನ್ನು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಅಷ್ಟೇ ಅಲ್ಲ, ಪರರನ್ನು ತಿರುಗಿಸುವುದನ್ನೂ ಅದರೊಡನೆಯೇ ಹೇಳಿದ್ದಾರೆ. ಹಾಗಾದರೆ 780 ಕಿಲೋಮೀಟರ್ ನಡೆಯುವುದು ಪ್ರಮಾದವೋ ಪ್ರಯೋಜನವೋ? ದೂರವನ್ನು ನೋಡಿ ಇದನ್ನು ನಿರ್ಣಯಿಸಲಾಗದು. ನಡೆದವನ ಬೇಕುಗಳು ನಡೆಯುತ್ತ ಕಡಿಮೆಯಾದವೇ ಎಂಬುದನ್ನು ನೋಡಬೇಕು. ಮೊದಲ ವಾರದಲ್ಲಿಯೇ ಯಾತ್ರಿಕರು ಚೀಲದಿಂದ ವಸ್ತುಗಳನ್ನು ತೆಗೆದು ತೆಗೆದು ಛತ್ರಗಳಲ್ಲಿ ಬಿಟ್ಟುಹೋಗುವುದು ಆ ದಾರಿಯ ಸಾಮಾನ್ಯ ದೃಶ್ಯ. ಪರಿಗ್ರಹ ಪರಿಮಾಣವನ್ನು ನಾವು ಓದಿ ತಿಳಿಯುತ್ತೇವೆ, ಅವರಿಗೆ ಅದನ್ನು ಭುಜದ ನೋವು ಕಲಿಸುತ್ತದೆ.

ಆದರೆ ಕಾಲ ಅಲ್ಲಿಯೂ ಬದಲಾಗಿದೆ. 16ನೆಯ ಶತಮಾನದಿಂದ ಕ್ರಮೇಣ ಕ್ಷೀಣಿಸಿದ್ದ ಈ ಯಾತ್ರೆ 1980ರ ದಶಕದಲ್ಲಿ ಪುನರುಜ್ಜೀವನ ಪಡೆಯಿತು. 1987ರಲ್ಲಿ ಯುರೋಪ್ ಮಂಡಲಿಯು ಇದನ್ನು ತನ್ನ ಮೊದಲ ಸಾಂಸ್ಕೃತಿಕ ಮಾರ್ಗವೆಂದು ಘೋಷಿಸಿತು. 1993ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2024ರಲ್ಲಿ ಯಾತ್ರೆಯ ಪ್ರಮಾಣಪತ್ರವನ್ನು ಪಡೆದವರು ಸುಮಾರು 5 ಲಕ್ಷ ಮಂದಿ. ಈ ಪತ್ರಕ್ಕೆ ಕನಿಷ್ಠ 100 ಕಿಲೋಮೀಟರ್ ಕಾಲ್ನಡಿಗೆ, ಬೈಸಿಕಲ್ಲಿನಲ್ಲಾದರೆ 200 ಕಿಲೋಮೀಟರ್ ಆಗಿರಬೇಕು. ದಾರಿಯ ಊರೂರಿನಲ್ಲಿ ಮುದ್ರೆ ಹಾಕಿಸಿದ ಪುಸ್ತಕವನ್ನು ತೋರಿಸಬೇಕು. ಪರಿಣಾಮವಾಗಿ, 100 ಕಿಲೋಮೀಟರಿಗೆ ಸ್ವಲ್ಪವೇ ಮೇಲಿರುವ ಸಾರ್ರಿಯಾ ಎಂಬ ಊರಿನಿಂದಲೇ ಅತ್ಯಧಿಕ ಮಂದಿ ಹೊರಡುತ್ತಾರೆ. ಚೀಲವನ್ನು ಒಂದು ಛತ್ರದಿಂದ ಮುಂದಿನ ಛತ್ರಕ್ಕೆ ಸಾಗಿಸುವ ವ್ಯಾನುಗಳಿವೆ; ಸ್ಪೇನಿನ ಅಂಚೆ ಇಲಾಖೆಯೂ ಆ ಸೇವೆಯನ್ನು ನಡೆಸುತ್ತದೆ. ಬೆನ್ನುಹುರಿ ನೊಂದ ವೃದ್ಧರಿಗೆ ಅದು ಉಪಕಾರವೇ ಸರಿ. ಗಟ್ಟಿಮುಟ್ಟಾದ ಯುವಕನು ತನ್ನ ಐದು ಜೊತೆ ಬಟ್ಟೆಗಳನ್ನು ವ್ಯಾನಿನಲ್ಲಿ ಕಳುಹಿಸಿ ಕೈಬೀಸಿ ನಡೆದರೆ, ನಡಿಗೆ ಅವನದೇ ಹೌದು, ಭಾರ ಮಾತ್ರ ಪರರದು. ಮೂರು ಶಲ್ಯಗಳಲ್ಲಿ ಮಾಯೆಯನ್ನು ಏಕೆ ಸೇರಿಸಿದರೆಂಬುದು ಇಂಥ ಚಿಕ್ಕ ಸಂದರ್ಭಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಒಂದು ಹೊತ್ತಿನ ಊಟ ಎಂದು ಸಂಕಲ್ಪ ಮಾಡಿ ಆ ಒಂದು ಹೊತ್ತನ್ನು ಎರಡು ಗಂಟೆ ಎಳೆಯುವವರು ನಮ್ಮಲ್ಲಿಯೂ ಇಲ್ಲದಿಲ್ಲ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಮಧ್ಯಯುಗದ ಯುರೋಪಿನಲ್ಲಿ ಧನಿಕರು ತಮ್ಮ ಮರಣಶಾಸನದಲ್ಲಿ, ತಾನು ಹರಸಿಕೊಂಡ ಸಾಂತಿಯಾಗೊ ಯಾತ್ರೆಯನ್ನು ತನ್ನ ಪರವಾಗಿ ಒಬ್ಬನು ಮಾಡಲಿ, ಅವನಿಗೆ ಇಷ್ಟು ಹಣ ಸಲ್ಲಲಿ ಎಂದು ಬರೆಸುತ್ತಿದ್ದರು. ಪಿಡುಗು ಬಂದಾಗ ಇಡೀ ಪಟ್ಟಣದ ಪರವಾಗಿ ಒಬ್ಬನನ್ನು ಕಳುಹಿಸಿದ್ದೂ ಉಂಟು. ಹೀಗೆ ಪರರಿಗಾಗಿ ನಡೆಯುವುದನ್ನೇ ಜೀವನೋಪಾಯ ಮಾಡಿಕೊಂಡವರಿದ್ದರು. ಹಲವು ವರ್ಷ ಶಾಲೆಯಲ್ಲಿ ಹಾಜರಿ ಪುಸ್ತಕ ಹಿಡಿದ ನನಗೆ, ಗೆಳೆಯನ ಹೆಸರು ಕೂಗಿದಾಗ ಹಿಂದಿನ ಬೆಂಚಿನಿಂದ ದನಿ ಬದಲಿಸಿ ಉತ್ತರ ಕೊಡುತ್ತಿದ್ದ ಹುಡುಗರ ನೆನಪು ಬರುತ್ತದೆ.

ಆದರೆ ನಗುವುದಕ್ಕೆ ಮೊದಲು ಅವರ ತತ್ತ್ವವನ್ನು ನ್ಯಾಯವಾಗಿ ತಿಳಿಯಬೇಕು. ಕ್ಯಾಥೊಲಿಕ್ ಸಿದ್ಧಾಂತದಲ್ಲಿ ವಿಶ್ವಾಸಿಗಳೆಲ್ಲರೂ, ಬದುಕಿರುವವರೂ ಸತ್ತವರೂ, ಒಂದೇ ಶರೀರದ ಅವಯವಗಳು. ಒಂದು ಅವಯವದ ಒಳಿತು ಮತ್ತೊಂದಕ್ಕೆ ಹರಿಯಬಲ್ಲದು. ಪಾಪಕ್ಕೆ ಸಲ್ಲಬೇಕಾದ ಶಿಕ್ಷೆಯ ವಿಮೋಚನೆಯನ್ನು ಮೃತರ ಪರವಾಗಿ ಜೀವಂತರು ಗಳಿಸಬಹುದೆಂದು ಅವರು ನಂಬುವುದು ಈ ಕಾರಣದಿಂದ. ಈ ಆಧಾರವನ್ನು ಒಪ್ಪಿದವನಿಗೆ, ಒಂದು ಕಾಲು ಸೋತಾಗ ಮತ್ತೊಂದು ಕಾಲು ಊರಿದಂತೆ ತಂದೆಗಾಗಿ ಮಗ ನಡೆಯುವುದು ಸಹಜವೇ. ನಾವು ಒಪ್ಪದಿರುವುದು ಆ ಆಧಾರವನ್ನು. ನಮಗೆ ಜೀವಗಳು ಅನಂತ, ಪ್ರತಿಯೊಂದೂ ಸ್ವತಂತ್ರ. ಒಂದರ ನಿರ್ಜರೆ ಮತ್ತೊಂದರ ಲೆಕ್ಕಕ್ಕೆ ಜಮೆಯಾಗುವುದಿಲ್ಲ.

ಅವರಲ್ಲಿಯೇ ಇದನ್ನು ಪ್ರಶ್ನಿಸಿದವರುಂಟು. ಜರ್ಮನಿಯ ಮಾರ್ಟಿನ್ ಲೂಥರನು 1520ರಲ್ಲಿ ತನ್ನ ನಾಡಿನ ಶ್ರೀಮಂತ ಪ್ರಭುಗಳಿಗೆ ಬರೆದ ಗ್ರಂಥದಲ್ಲಿ, ಹೆಂಡತಿ ಮಕ್ಕಳು ಕೊರತೆಯಲ್ಲಿರುವಾಗ ಗೃಹಸ್ಥನು ರೋಮಿನ ಯಾತ್ರೆಗೆ ಹಣ ಸುರಿಯುವುದನ್ನು ಖಂಡಿಸಿದನು. ಲೂಥರನ ಮಾತಿನ ಕಾಠಿನ್ಯ ಎಲ್ಲ ಕಡೆಯೂ ಒಪ್ಪತಕ್ಕದ್ದಲ್ಲವಾದರೂ, ಈ ಆಕ್ಷೇಪಣೆ ತೂಕದ್ದು.

ನಮ್ಮ ಶಾಸ್ತ್ರವು ಇಲ್ಲಿ ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನು ಹೇಳುತ್ತದೆ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದುದಕ್ಕೆ ಮನಸಾರೆ ಸಮ್ಮತಿಸಿದ್ದು: ಈ ಮೂರೂ ಕರ್ಮಕ್ಕೆ ದ್ವಾರಗಳೇ. ಮೇಲುನೋಟಕ್ಕೆ ಇದು ವರ್ಗಾವಣೆಯಂತೆ ತೋರೀತು. ವಾಸ್ತವದಲ್ಲಿ ಹಾಗಲ್ಲ. ಮಾಡಿಸಿದವನಿಗೆ ಬರುವುದು ಮಾಡಿಸುವಾಗ ಅವನಲ್ಲಿದ್ದ ಭಾವದ ಫಲ. ನಡೆದವನ ನಡಿಗೆಯ ಫಲ ಅವನತ್ತ ಬರುವುದಿಲ್ಲ. ಮರಣಶಾಸನ ಬರೆಸಿದ ಧನಿಕನು ತಾನು ತೀರಿಸದ ಹರಕೆಗಾಗಿ ನಿಜವಾಗಿ ನೊಂದಿದ್ದರೆ, ಆ ನೋವು ಅವನದು; ಅದು ಆ ಗಳಿಗೆಯಲ್ಲಿಯೇ ಪೂರ್ಣವಾಯಿತು. ಕೂಲಿಯವನು ಕಾಂಪೊಸ್ತೆಲಾ ಮುಟ್ಟಿದನೋ, ಅರ್ಧದಾರಿಯಲ್ಲಿ ಹಣ ಕುಡಿದು ಮಲಗಿದನೋ, ಅದರಿಂದ ಧನಿಕನಿಗೆ ಹೆಚ್ಚುಕಡಿಮೆಯಿಲ್ಲ. ಆ ಕೂಲಿಯವನ ವಿಷಯ ನನಗೆ ಹೆಚ್ಚು ಕುತೂಹಲದ್ದು. ಅವನು ಹೊರಟದ್ದು ಹಣಕ್ಕೆ. ಹಾಗಿದ್ದೂ ನೆರಳಿಲ್ಲದ ಆ ಬಯಲಿನಲ್ಲಿ ಹತ್ತು ದಿನ ನಡೆದ ಮೇಲೆ ಅವನು ಹೊರಟಾಗಿನ ಮನುಷ್ಯನಾಗಿಯೇ ಉಳಿದಿದ್ದನೆಂದು ಹೇಳಬಲ್ಲವರಾರು? ಹಾಗೇನಾದರೂ ಬದಲಾಗಿದ್ದರೆ, ಆ ಯಾತ್ರೆಯಲ್ಲಿ ಯಾತ್ರಿಕನಾದವನು ಹಣ ಪಡೆದವನೇ, ಕೊಟ್ಟವನಲ್ಲ.

ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಆ ದಾರಿಯಲ್ಲಿದೆ. ಮೇಲಿನ ಧನಿಕನಿಗೆ ಸಂಕಲ್ಪ ತನ್ನದು, ಕಾಲು ಪರರದು. ಇಲ್ಲಿ ಕಾಲು ತನ್ನದು, ಸಂಕಲ್ಪ ಪರರದು. ಮಧ್ಯಯುಗದಲ್ಲಿ ಧರ್ಮವಿಚಾರಣೆಯ ನ್ಯಾಯಾಧೀಶರೂ ಫ್ಲಾಂಡರ್ಸ್ ನಾಡಿನ ಪಟ್ಟಣಗಳ ನ್ಯಾಯಸ್ಥಾನಗಳೂ ಅಪರಾಧಿಗಳಿಗೆ ಸಾಂತಿಯಾಗೊ ಯಾತ್ರೆಯನ್ನೇ ಶಿಕ್ಷೆಯಾಗಿ ವಿಧಿಸುತ್ತಿದ್ದರು. ಹೋಗಿ ಬಂದುದಕ್ಕೆ ಅಲ್ಲಿಂದ ಪತ್ರ ತರಬೇಕಾಗಿತ್ತು. ಕ್ರಮೇಣ ಫ್ಲಾಂಡರ್ಸಿನಲ್ಲಿ ದರಪಟ್ಟಿಗಳು ಹುಟ್ಟಿಕೊಂಡವು. ಇಂಥ ಕ್ಷೇತ್ರಕ್ಕೆ ಹೋಗಲೊಲ್ಲದವನು ಇಷ್ಟು ಹಣ ಕಟ್ಟಿದರೆ ಸಾಕು ಎಂದಾಯಿತು. ನಡಿಗೆಗೆ ಹಣ ಬದಲಾಗಿ ನಿಂತಿತು. ನಮ್ಮ ವ್ರತವಿಧಾನದಲ್ಲಿ ಇದರ ಎದುರುಕ್ರಮವಿರುವುದನ್ನು ವಾಚಕರು ಗಮನಿಸಬೇಕು: ಉದ್ಯಾಪನೆಗೆ ಹಣದ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಲಿ ಎಂದು ಹೇಳಿದೆ. ಹಣದ ಕೊರತೆಯನ್ನು ಆಚರಣೆ ತುಂಬಬಹುದು. ಆಚರಣೆಯ ಕೊರತೆಯನ್ನು ಹಣ ತುಂಬುವುದೆಂದು ನಾನು ಓದಿದ ಯಾವ ವ್ರತಕಥೆಯೂ ಹೇಳಿಲ್ಲ.

ಆ ಹಳೆಯ ಶಿಕ್ಷೆಯು ನಮ್ಮ ಕಾಲದಲ್ಲಿ ಹೊಸ ರೂಪ ತಾಳಿದೆ. ಬೆಲ್ಜಿಯಂ ದೇಶದ ಓಯ್ಕೊತೆನ್ ಎಂಬ ಸಂಸ್ಥೆಯು 1982ರಿಂದ, ಬಾಲನ್ಯಾಯಾಲಯದ ಮುಂದೆ ಬಂದ ಕಿಶೋರರನ್ನು ನ್ಯಾಯಾಧೀಶರ ಒಪ್ಪಿಗೆಯೊಡನೆ, ಒಬ್ಬ ಹಿರಿಯರ ಜೊತೆಯಲ್ಲಿ, ಕಾಂಪೊಸ್ತೆಲಾವರೆಗೆ ಸುಮಾರು 2,500 ಕಿಲೋಮೀಟರ್ ನಡೆಯಲು ಕಳುಹಿಸಲಾರಂಭಿಸಿತು. ನಡಿಗೆ ಮುಗಿಸಿದವನಿಗೆ ಬಂಧನಗೃಹವಿಲ್ಲ. ಇಂಥವನು ಹೊರಡುವುದು ಭಕ್ತಿಯಿಂದಲ್ಲ, ಬೀಗ ಹಾಕಿದ ಕೋಣೆಯನ್ನು ತಪ್ಪಿಸಿಕೊಳ್ಳಲು. ಇದನ್ನು ತಪಸ್ಸೆನ್ನಲಾಗದು. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಸಮೀಪವಾದ ಪದ ಅಕಾಮನಿರ್ಜರೆ: ತಾನಾಗಿ ಬಯಸದೆ, ಪರವಶನಾಗಿ ಬಂದ ಹಸಿವು, ಬಾಯಾರಿಕೆ, ಬಂಧನಗಳನ್ನು ಶಾಂತಿಯಿಂದ ಸಹಿಸಿದವನಿಗೂ ಕಿಂಚಿತ್ತು ಕರ್ಮ ಕಳಚುತ್ತದೆ. ಸಹಿಸುವಿಕೆಯೊಂದು ಅವನದಾದರೆ ಸಾಕು, ಆರಂಭ ಯಾರದೇ ಆಗಿರಲಿ. ಮಕ್ಕಳಿಗೆ ಪರ್ಯೂಷಣದ ಉಪವಾಸವನ್ನು ಬಲವಂತದಿಂದ ಮಾಡಿಸಬಹುದೇ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತದೆ. ಬಲವಂತ ಸಲ್ಲದೆಂಬುದೇ ನನ್ನ ಮತ. ಆದರೆ ಬಲವಂತದಿಂದ ಆರಂಭವಾದುದೆಲ್ಲವೂ ಶೂನ್ಯವೆಂದು ಹೇಳುವವರು ಆ ಹುಡುಗರ 2,500 ಕಿಲೋಮೀಟರನ್ನು ಒಮ್ಮೆ ಎಣಿಸಿ ನೋಡಲಿ.

ಪರರಿಗಾಗಿ ಮಾಡುವುದೆಲ್ಲ ವ್ಯರ್ಥವೆಂದು ಇದರಿಂದ ತಿಳಿಯಬಾರದು. 11ನೆಯ ಶತಮಾನದಲ್ಲಿ ಸ್ಪೇನಿನ ರಿಯೋಹಾ ಸೀಮೆಯಲ್ಲಿ ದೊಮಿಂಗೊ ಎಂಬೊಬ್ಬನಿದ್ದನು. ಸಂನ್ಯಾಸಿಯಾಗಲು ಮಠಗಳ ಬಾಗಿಲು ತಟ್ಟಿದರೆ ಅವು ಅವನನ್ನು ಸೇರಿಸಿಕೊಳ್ಳಲಿಲ್ಲವಂತೆ. ಅವನು ಓಹಾ ಹೊಳೆಯ ದಡದಲ್ಲಿ ನೆಲೆನಿಂತು, ಕಾಡು ಕಡಿದು ಯಾತ್ರಿಕರಿಗೆ ಕಲ್ಲುಹಾಸಿನ ದಾರಿ ಮಾಡಿದನು, ಹೊಳೆಗೆ ಸೇತುವೆ ಕಟ್ಟಿದನು, ಛತ್ರ ತೆರೆದನು. 1109ರಲ್ಲಿ ತೀರಿಕೊಂಡ ಆತನ ಹೆಸರಿನಿಂದಲೇ ಆ ಊರನ್ನು ಇಂದೂ ಸಾಂತೊ ದೊಮಿಂಗೊ ದೆ ಲಾ ಕಾಲ್ಸಾದಾ, ಅಂದರೆ ಕಲ್ಲುದಾರಿಯ ಸಂತ ದೊಮಿಂಗೊ, ಎಂದು ಕರೆಯುತ್ತಾರೆ. ನಮ್ಮ ಕಾಲದಲ್ಲಿ ಒ ಸೆಬ್ರೇರೊ ಎಂಬ ಬೆಟ್ಟದ ಹಳ್ಳಿಯ ಪಾದ್ರಿಯಾಗಿದ್ದ ಎಲೀಯಾಸ್ ವಾಲಿನ್ಯಾ ಎಂಬುವರು 1984ರಲ್ಲಿ ಹಳದಿ ಬಣ್ಣದ ಡಬ್ಬಿಗಳನ್ನು ಕಾರಿನಲ್ಲಿಟ್ಟುಕೊಂಡು, ಕಲ್ಲು, ಗೋಡೆ, ಮರಗಳ ಮೇಲೆ ಬಾಣದ ಗುರುತುಗಳನ್ನು ಬರೆಯುತ್ತ ಹೋದರು. ಇಂದು ಲಕ್ಷಾಂತರ ಮಂದಿ ದಾರಿ ತಪ್ಪದೆ ನಡೆಯುತ್ತಿರುವುದು ಆ ಬಾಣಗಳನ್ನು ನೋಡಿ. ಕಾರಿತವೆಂಬುದರ ಶುದ್ಧ ರೂಪ ಇದು. ಇಬ್ಬರೂ ಯಾರ ಬದಲಿಗೂ ನಡೆಯಲಿಲ್ಲ. ನಡೆಯುವವನ ಕಾಲಿಗೆ ಅನುಕೂಲ ಮಾಡಿಕೊಟ್ಟರು.

ಹಾಗಾದರೆ ಕಾಲೇ ಸೋತವನ ಗತಿಯೇನು? ನಮ್ಮ ಮನೆಯ ಪ್ರಶ್ನೆ ನಿಂತಿರುವುದು ಇಲ್ಲಿಯೇ. ಆ ದಾರಿಯಲ್ಲಿ ವಿಯಾಫ್ರಾಂಕಾ ದೆಲ್ ಬಿಯೆರ್ಸೊ ಎಂಬ ಊರಿದೆ. ಅಲ್ಲಿಂದ ಕಾಂಪೊಸ್ತೆಲಾ ಇನ್ನೂ ಸುಮಾರು 190 ಕಿಲೋಮೀಟರ್. ಮುಂದೆ ಒ ಸೆಬ್ರೇರೊ ಬೆಟ್ಟದ ಕಡಿದಾದ ಏರು. ಊರಿನ ಅಂಚಿನಲ್ಲಿ ಸಂತ ಯಾಕೋಬನ ಹೆಸರಿನ ಹಳೆಯ ಕಲ್ಲಿನ ಚರ್ಚಿದೆ. ಅದರ ಉತ್ತರದ ಬಾಗಿಲಿಗೆ ಕ್ಷಮೆಯ ಬಾಗಿಲೆಂದು ಹೆಸರು. ರೋಗದಿಂದಲೋ ಗಾಯದಿಂದಲೋ ಮುಂದೆ ಹೋಗಲಾರದ ಯಾತ್ರಿಕನು ಅಲ್ಲಿಯವರೆಗೆ ಬಂದು ಆ ಬಾಗಿಲನ್ನು ಹೊಕ್ಕರೆ, ಕಾಂಪೊಸ್ತೆಲಾ ಮುಟ್ಟಿದವನಿಗೆ ಸಿಗುವ ಪೂರ್ಣ ವಿಮೋಚನೆಯೇ ಅವನಿಗೂ ಸಿಗುತ್ತಿತ್ತು. ನಾನು ಆ ಬಾಗಿಲನ್ನು ಕಂಡಿದ್ದು ಚಿತ್ರದಲ್ಲಿ ಮಾತ್ರ. ಸಾವಿರ ವರ್ಷಗಳ ಆ ದಾರಿಯಲ್ಲಿ ನನಗೆ ಅತ್ಯಂತ ವಿವೇಕದ್ದಾಗಿ ತೋರಿರುವುದು ಇದೇ. ಉಳಿದ ದೂರವನ್ನು ನಡೆಯಲು ಮತ್ತೊಬ್ಬನನ್ನು ಇಲ್ಲಿ ಗೊತ್ತುಮಾಡಲಿಲ್ಲ, ಹಣವನ್ನೂ ಕೇಳಲಿಲ್ಲ. ಅವನು ಶಕ್ತಿಯಿದ್ದಷ್ಟು ನಡೆದದ್ದನ್ನೇ ಪೂರ್ಣವೆಂದು ಎಣಿಸಿದರು. ಶಕ್ತಿಯನ್ನು ಬಚ್ಚಿಡದೆಯೂ ಮೀರದೆಯೂ ತ್ಯಾಗ ತಪಗಳನ್ನು ಮಾಡಬೇಕೆಂದು ನಾವು ಷೋಡಶಕಾರಣ ಭಾವನೆಗಳಲ್ಲಿ ಭಾವಿಸುವುದಿಲ್ಲವೆ?

ಹಾಸಿಗೆ ಹಿಡಿದ ಆ ತಾಯಿಯ 11 ವರ್ಷಗಳು ಹೀಗೆ ಪೂರ್ಣವಾದವೇ. ಮುಂದಿನ ಚತುರ್ದಶಿಯ ದಿನ ಆಕೆಗೆ ಉಪವಾಸ ಸಲ್ಲದು. ವೈದ್ಯರು ಹೇಳಿದ ಗಂಜಿಯನ್ನೂ ಔಷಧವನ್ನೂ ತೆಗೆದುಕೊಂಡು, ಮಲಗಿದಲ್ಲಿಯೇ ಜಿನನಾಮವನ್ನು ಕೇಳಲಿ. ಸೊಸೆಗೆ ಮನಸ್ಸಿದ್ದರೆ ಅತ್ತೆಯವರ ಮೂರು ವರ್ಷಗಳನ್ನು ಹೊರುವುದು ಬೇಡ. ತನ್ನ ಹೆಸರಿನಲ್ಲಿಯೇ ಮೊದಲನೆಯ ವರ್ಷದಿಂದ ನೋಂಪಿಯನ್ನು ಹಿಡಿಯಲಿ. ಅದನ್ನು ಕಂಡು ಅತ್ತೆಯವರಿಗೆ ಆಗುವ ಸಂತೋಷವು ಅನುಮೋದನೆಯಾಗಿ ಅವರಿಗೇ ಸೇರುತ್ತದೆ; ಅದಕ್ಕಾಗಿ ಯಾರೂ ಲೆಕ್ಕ ಬರೆದಿಡಬೇಕಾಗಿಲ್ಲ. ಮಗನು ಈ ಉತ್ತರದಿಂದ ತೃಪ್ತನಾಗದೆ, ಅಮ್ಮನ ಹೆಸರಿನಲ್ಲಿ ಏನಾದರೂ ಆಗಲೇಬೇಕು ಎಂದರೆ, ಬಸದಿಗೆ ಬರುವ ವೃದ್ಧರು ಮೆಟ್ಟಿಲೇರಲು ಹಿಡಿದುಕೊಳ್ಳುವಂತೆ ಒಂದು ಕಂಬಿಯನ್ನು ಹಾಕಿಸಿಕೊಡಲಿ.

ಕಾಂಪೊಸ್ತೆಲಾದ ಕಚೇರಿಯಲ್ಲಿ ಇಂದಿಗೂ ಯಾತ್ರಿಕನು ಕೇಳಿಕೊಂಡರೆ, ರೋಗದಲ್ಲಿರುವ ಇಲ್ಲವೆ ತೀರಿಕೊಂಡ ತನ್ನವರ ಹೆಸರನ್ನು ಲ್ಯಾಟಿನ್ ಭಾಷೆಯಲ್ಲಿ, ಇಂಥವರ ಪರವಾಗಿ ಎಂದು, ಪ್ರಮಾಣಪತ್ರದಲ್ಲಿ ಬರೆದುಕೊಡುತ್ತಾರೆ. ಪತ್ರ ಕೊಡುವುದು ನಡೆದವನಿಗೇ. ಅದರಲ್ಲಿ ಅವನ ಹೆಸರೂ ಇರುತ್ತದೆ, ಅವನು ದಾರಿಯುದ್ದಕ್ಕೂ ಯಾರನ್ನು ನೆನೆದನೋ ಅವರ ಹೆಸರೂ ಇರುತ್ತದೆ. ಒಂದನ್ನು ಅಳಿಸಿ ಅದರ ಜಾಗದಲ್ಲಿ ಇನ್ನೊಂದನ್ನು ಬರೆಯುವುದಿಲ್ಲ.